ಕಾಡುಮೆಣಸಿನ ಜಾತಕ ಪುಣೆಯಲ್ಲಿದೆ



ಪುಣೆಯ ಮಂಡಯಿ ಮಾರುಕಟ್ಟೆಯಲ್ಲಿ 'ಮಿರಿ' ಕೇಳಿದರೆ ಅಂಗಡಿಯವರು ಕರಿಕಾಳನ್ನು ತೂಗಿಕೊಡುತ್ತಾರೆ. ನಮಗೆ ಅದು ಕಾಳುಮೆಣಸು, ದಕ್ಷಿಣ ಕನ್ನಡದವರಿಗೆ ಒಳ್ಳೆಮೆಣಸು. ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬರುವ ಮೊದಲು ಬರೀ ಮೆಣಸು ಎಂದರೂ ಇದೇ. ಬಂದ ನೆಂಟ ಹೆಸರನ್ನೇ ಹೊಡೆದುಕೊಂಡಾಗ ಮನೆಯವನು 'ಒಳ್ಳೆ', 'ಕರಿ' ಎಂದು ಗುರುತು ಹಚ್ಚಿಕೊಳ್ಳಬೇಕಾಯಿತು.

ಈ ಬಳ್ಳಿಯ ತವರು ಪಶ್ಚಿಮಘಟ್ಟ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ನಿಮಗೆ ಗೊತ್ತೇ ಇದೆ. 1688ರಲ್ಲಿ, ಕೊಚ್ಚಿಯ ಡಚ್ಚರು ಮಾಡಿಸಿದ 'ಹೊರ್ತುಸ್ ಮಲಬಾರಿಕುಸ್'ನ ಏಳನೆಯ ಸಂಪುಟದಲ್ಲಿ ಈ ಬಳ್ಳಿ ಚಿತ್ರಸಮೇತ ಅಚ್ಚಾಯಿತು. 1753ರಲ್ಲಿ ಲಿನೇಯಸ್ 'ಪೈಪರ್ ನೈಗ್ರಮ್' ಎಂದು ಹೆಸರಿಟ್ಟ. ಆ 'ಪೈಪರ್' ಕೂಡ ನಮ್ಮ ಪಿಪ್ಪಲಿಯೇ, ಗ್ರೀಕ್ ಲ್ಯಾಟಿನ್ ಸುತ್ತಿಕೊಂಡು ಬಂದದ್ದು.

ಪುಣೆ ಎಲ್ಲಿ ಬಂತು ಅಂತೀರಾ? 1862ರಲ್ಲಿ ಗೇರುಸೊಪ್ಪೆ ಇರುವ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂದೆ ಆ ಪ್ರಾಂತದ ಗಿಡಮರಗಳಿಗೆಲ್ಲ ಲೆಕ್ಕ ಬರೆದವರು ಪುಣೆಯ ಸೈನ್ಸ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಥಿಯೋಡರ್ ಕುಕ್. ರೈಲ್ವೆಯಲ್ಲಿ ದುಡಿದಿದ್ದ ಎಂಜಿನಿಯರು, ಹವ್ಯಾಸಕ್ಕೆ ಸಸ್ಯಶಾಸ್ತ್ರ! ನಿವೃತ್ತರಾದ ಮೇಲೆ ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಕುಳಿತು ಬರೆದ ಅವರ ಗ್ರಂಥ 1901ರಿಂದ 1908ರವರೆಗೆ ಕಂತುಕಂತಾಗಿ ಹೊರಬಂತು. 1955ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯ ಕಚೇರಿಯೂ ಪುಣೆಯಲ್ಲೇ ತೆರೆಯಿತು. ಮರುವರ್ಷ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಜಿಲ್ಲೆ ಬಂದರೂ, ಆ ಕಾಡುಗಳಿಂದ ಪುಣೆಗೆ ಹೋಗಿ ಕಾಗದಕ್ಕೆ ಅಂಟಿ ಕುಳಿತ ಒಣಸಸ್ಯಗಳು ಹಿಂದಿರುಗುವುದುಂಟೇ?

ಒಣಸಸ್ಯ ಬಿಟ್ಟು ಜೀವಂತ ಬಳ್ಳಿಗೆ ಬರೋಣ. ಕಾಡಿನ ಬಳ್ಳಿಯಲ್ಲಿ ಸಾಮಾನ್ಯವಾಗಿ ಗಂಡೇ ಬೇರೆ, ಹೆಣ್ಣೇ ಬೇರೆ. ಗಂಡುಬಳ್ಳಿ ತೆನೆ ಬಿಟ್ಟರೂ ಕಾಳಿಲ್ಲ. ಹೆಣ್ಣಿಗೆ ನೆರೆಯಲ್ಲಿ ಗಂಡು ಬೇಕು. ಅಡಿಕೆ ಮರಕ್ಕೆ ಹಬ್ಬಿಸುವ ಮಲ್ಲಿಗೆಸರದಂಥ ತಳಿಗಳಲ್ಲಾದರೋ ಒಂದೇ ಹೂವಿನಲ್ಲಿ ಎರಡೂ. ಮಳೆನೀರು ತೆನೆಯ ಮೇಲಿಂದ ಇಳಿಯುತ್ತಾ ಪರಾಗವನ್ನು ಕೆಳಗಿನ ಹೂಗಳಿಗೆ ಮುಟ್ಟಿಸುತ್ತದೆ. ಕಾಡಿನ ಬಳ್ಳಿ ತೋಟದ ಬಳ್ಳಿಯಾದದ್ದು ಹೇಗೆ? ಚೆನ್ನಾಗಿ ಕಾಳು ಕಟ್ಟಿದ ಬಳ್ಳಿಯನ್ನೇ ನೋಡಿ, ತುಂಡು ಕತ್ತರಿಸಿ, ನೆಟ್ಟು, ತಲೆತಲಾಂತರ ಆರಿಸಿದ ಬೆಳೆಗಾರರ ಕೈಯಿಂದ. ಕುಕ್ ಸಾಹೇಬರಿಗಿಂತ ಇವರೇ ಹಿರಿಯ ಸಸ್ಯಶಾಸ್ತ್ರಿಗಳು ಎನ್ನುವುದು ನನ್ನ ಪಕ್ಷಪಾತ.

ಮೆಣಸಿನ ಕುಲದಲ್ಲಿ ಎಲ್ಲವೂ ಬಳ್ಳಿಯಲ್ಲ. ದೂರದ ನ್ಯೂಜಿಲೆಂಡ್ ದ್ವೀಪಗಳಲ್ಲಿ ಇದೇ ಕುಲದ ಕಾಡುಮೆಣಸು ಬಳ್ಳಿಯಲ್ಲ, ಆಸರೆ ಬೇಡದ ಪೊದೆ. ಮಾವೊರಿಗಳು ಅದನ್ನು 'ಕವಕವ' ಎನ್ನುತ್ತಾರೆ.  ನಮ್ಮದು ಮರವಿಲ್ಲದೆ ಮೇಲೇಳದು.

ಘಟ್ಟದ ತೋಟದಂಚಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಎದ್ದ ಬಳ್ಳಿ ಕಂಡರೆ ತೆನೆ ಬಿಡುವವರೆಗೂ ಕಾಯಬೇಕು. ಒಂದು ಮಳೆಗಾಲ ಕಳೆದು ಕಾಳು ಕಟ್ಟಿದರೆ ತುಂಡು ಕತ್ತರಿಸಿ ನೆಡಬಹುದು. ಕಟ್ಟದಿದ್ದರೆ ಅದು ಇನ್ನೂ ಕಾಡಿನದು.