ಹೊಸ ಚೀನದ ಜನವೂ ನೆಲೆಯೂ



ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ನಾಡುನುಡಿಗಳ ವಿಚಾರವನ್ನು ಬಿಟ್ಟು ಚೀನದ ಮಾತೇಕೆ ಎಂದು ತಾವು ಕೇಳಬಹುದು. ಊರು ಬಿಟ್ಟು ಬಂದು ಈ ಮುಂಬಯಿಯಲ್ಲಿ ಬಾಳುವೆ ಕಟ್ಟಿಕೊಂಡವರು ನಾವು. ಮನುಷ್ಯನು ಎಲ್ಲಿ ಹುಟ್ಟುತ್ತಾನೆ, ಎಲ್ಲಿ ದುಡಿಯುತ್ತಾನೆ, ಅವನ ಮಕ್ಕಳು ಎಲ್ಲಿ ಓದುತ್ತಾರೆ ಎಂಬುದೇ ಮಾನವ ಭೂಗೋಳದ ತಿರುಳು. ಈ ಪ್ರಶ್ನೆಗಳು ಚೀನದಲ್ಲಿ ಎದ್ದಷ್ಟು ವಿಶಾಲವಾಗಿ ಮತ್ತೆಲ್ಲಿಯೂ ಎದ್ದಿಲ್ಲ. ಆದುದರಿಂದ ಆ ದೇಶದ ಕಡೆಗೆ ಸ್ವಲ್ಪ ಹೊತ್ತು ದೃಷ್ಟಿ ಹಾಯಿಸೋಣ.

1935ರಲ್ಲಿ ಹೂ ಹ್ವಾನ್‌ಯೊಂಗ್ ಎಂಬ ಭೂಗೋಳ ಪಂಡಿತರು ಚೀನದ ನಕ್ಷೆಯ ಮೇಲೆ, ಈಶಾನ್ಯದ ಐಹುಯಿಯಿಂದ ನೈಋತ್ಯದ ತೆಂಗ್‌ಚೊಂಗ್‌ವರೆಗೆ ಒಂದು ಗೆರೆ ಎಳೆದರು. ಗೆರೆಯ ಪೂರ್ವಕ್ಕೆ ಮಳೆ, ನದಿ, ಗದ್ದೆ. ಪಶ್ಚಿಮಕ್ಕೆ ಮರುಭೂಮಿ, ಹುಲ್ಲುಗಾವಲು, ಪರ್ವತ. ಇಂದಿನ ಲೆಕ್ಕದಲ್ಲಿಯೂ ದೇಶದ ನೆಲದ ಸುಮಾರು 43 ಪಾಲಷ್ಟಿರುವ ಪೂರ್ವದಲ್ಲಿ ನೂರಕ್ಕೆ 94ರಷ್ಟು ಜನರಿದ್ದಾರೆ. ರಾಜ್ಯಗಳು ಉರುಳಿದವು, ಕ್ರಾಂತಿಗಳು ನಡೆದವು. ಗೆರೆ ಮಾತ್ರ ಕದಲಲಿಲ್ಲ. ನಿಸರ್ಗವು ಎಳೆದ ಗೆರೆ ಅದು.

ಸರಕಾರವು ಎಳೆದ ಗೆರೆ ಮತ್ತೊಂದು. 1958ರಲ್ಲಿ ಬಂದ ಕಾನೂನು ಪ್ರತಿಯೊಂದು ಮನೆತನವನ್ನೂ ಅದರ ಊರಿಗೆ ದಾಖಲೆ ಮಾಡಿತು. ಈ ದಾಖಲೆಗೆ ಹುಕೌ ಎಂದು ಹೆಸರು. ಒಕ್ಕಲುತನದವರು, ಒಕ್ಕಲುತನದವರಲ್ಲದವರು ಎಂದು ಜನ ಎರಡಾಗಿ ಒಡೆದರು. ಪಟ್ಟಣದಲ್ಲಿ ಧಾನ್ಯದ ಚೀಟಿ, ಕೆಲಸ, ಮನೆ, ಶಾಲೆ ಎಲ್ಲವೂ ಪಟ್ಟಣದ ದಾಖಲೆ ಇದ್ದವರಿಗೆ ಮಾತ್ರ. ಚೀಟಿಯಿಲ್ಲದವನಿಗೆ ಪಟ್ಟಣದಲ್ಲಿ ಅನ್ನವೇ ದುರ್ಲಭವಾಗಿತ್ತು. ಮಗುವಿನ ದಾಖಲೆ ತಾಯಿಯದನ್ನು ಅನುಸರಿಸುತ್ತಿತ್ತು. 1998ರವರೆಗೂ ತಂದೆಯ ದಾಖಲೆ ಪಡೆಯುವ ಅವಕಾಶವಿರಲಿಲ್ಲ. ಹೀಗೆ ಹುಟ್ಟಿದ ಊರೇ ಹಣೆಯ ಬರಹವಾಯಿತು.

1978ರ ಚಳಿಗಾಲದಲ್ಲಿ ಆನ್‌ಹುಯಿ ಪ್ರಾಂತದ ಷಿಯಾವೊಗಾಂಗ್ ಎಂಬ ಬಡ ಹಳ್ಳಿಯಲ್ಲಿ 18 ಮನೆಗಳವರು ಗುಟ್ಟಾಗಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಸಾಮೂಹಿಕ ಭೂಮಿಯನ್ನು ಸಾಗುವಳಿಗಾಗಿ ಮನೆಮನೆಗೆ ಹಂಚಿಕೊಂಡರು. ಅದು ಆಗ ಅಪರಾಧ. ಬೆಳೆ ಹೇರಳವಾಗಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಂಗ್ ಷಿಯಾವೊಪಿಂಗ್ ಅವರ ಮುಂದಾಳುತನದಲ್ಲಿ ಪಕ್ಷವು ಸುಧಾರಣೆಯ ದಾರಿ ಹಿಡಿಯಿತು. ಕೆಲವೇ ವರ್ಷಗಳಲ್ಲಿ ಕಮ್ಯೂನುಗಳು ಮರೆಯಾದವು. ತನ್ನ ಪಾಲಿನ ಹೊಲವನ್ನು ತಾನೇ ಉಳತೊಡಗಿದ ರೈತನ ಮನೆಯಲ್ಲಿ ಕೈಗಳು ಮಿಕ್ಕವು. ಮಿಕ್ಕ ಕೈಗಳು ಕೆಲಸವನ್ನು ಹುಡುಕಿಕೊಂಡು ಹೊರಟವು.

ಎಲ್ಲಿಗೆ? 1980ರಲ್ಲಿ ಷೆನ್‌ಝೆನ್, ಝೂಹಾಯ್, ಷಾಂತೌ, ಷಿಯಾಮೆನ್ ಎಂಬ ನಾಲ್ಕು ಎಡೆಗಳನ್ನು ವಿಶೇಷ ಆರ್ಥಿಕ ವಲಯಗಳೆಂದು ಆರಿಸಲಾಯಿತು. 1984ರಲ್ಲಿ ಕರಾವಳಿಯ 14 ಪಟ್ಟಣಗಳು ಹೊರಗಿನ ಬಂಡವಾಳಕ್ಕೆ ತೆರೆದವು. ಹಾಂಗ್‌ಕಾಂಗಿನ ಗಡಿಯಲ್ಲಿ, ಸುಮಾರು 3 ಲಕ್ಷ ಜನರಿದ್ದ ಷೆನ್‌ಝೆನ್ 2020ರ ಜನಗಣತಿಯ ವೇಳೆಗೆ ಸುಮಾರು 1 ಕೋಟಿ 75 ಲಕ್ಷ ಜನರ ಮಹಾನಗರವಾಗಿತ್ತು. 1978ರಲ್ಲಿ ನೂರಕ್ಕೆ 18 ಮಂದಿ ಪಟ್ಟಣವಾಸಿಗಳು, 2020ರಲ್ಲಿ 64. ವಿಶ್ವಬ್ಯಾಂಕಿನ ಅಂದಾಜಿನಂತೆ ನಾಲ್ಕು ದಶಕಗಳಲ್ಲಿ 80 ಕೋಟಿಗೆ ಹತ್ತಿರ ಜನ ಕಡುಬಡತನದಿಂದ ಪಾರಾದರು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಕಾಲು ನಡೆದಷ್ಟು ವೇಗವಾಗಿ ಕಾಗದ ನಡೆಯಲಿಲ್ಲ. ಹುಕೌ ಹಳ್ಳಿಯಲ್ಲಿಯೇ ಉಳಿಯಿತು. 2020ರಲ್ಲಿ ದಾಖಲೆಯ ಊರನ್ನು ಬಿಟ್ಟು ಹೊರಗೆ ನೆಲೆಸಿದ್ದ ಸಂಚಾರಿ ಜನರ ಸಂಖ್ಯೆ ಸುಮಾರು 37.6 ಕೋಟಿ. ನಗರದ ಮಹಡಿಗಳನ್ನು ಕಟ್ಟಿದವರು ಇವರು. ಆ ನಗರದ ಶಾಲೆಯ ಬಾಗಿಲು ಇವರ ಮಕ್ಕಳಿಗೆ ಸುಲಭವಾಗಿ ತೆರೆಯಲಿಲ್ಲ. ಕಾಲೇಜು ಪ್ರವೇಶದ ಪರೀಕ್ಷೆಗೆ ಬಹುಮಟ್ಟಿಗೆ ದಾಖಲೆಯ ಪ್ರಾಂತಕ್ಕೇ ಮರಳಬೇಕು. 2013ರಲ್ಲಿ ಪ್ರಕಟವಾದ ಒಂದು ವರದಿಯ ಪ್ರಕಾರ, ತಂದೆಯೋ ತಾಯಿಯೋ ಇಬ್ಬರೂ ಹೊರಗೆ ದುಡಿಯಲು ಹೋದ ಕಾರಣ ಹಳ್ಳಿಯಲ್ಲಿ ಉಳಿದ ಮಕ್ಕಳು 6 ಕೋಟಿಗೂ ಮಿಕ್ಕಿದ್ದರು. ಅಜ್ಜಿಯ ಮಡಿಲಲ್ಲಿ ಬೆಳೆದು, ವಸಂತೋತ್ಸವದ ರಜೆಯಲ್ಲಿ ಮಾತ್ರ ಹೆತ್ತವರ ಮುಖ ಕಾಣುವ ಮಕ್ಕಳು.

ಸುಧಾರಣೆ ನಿಂತಿಲ್ಲ. ಅನುಮತಿ ಪತ್ರವಿಲ್ಲದವರನ್ನು ಹಿಡಿದು ಊರಿಗೆ ಅಟ್ಟುವ ಪದ್ಧತಿಯು, ಗ್ವಾಂಗ್‌ಝೌ ನಗರದಲ್ಲಿ ಒಬ್ಬ ತರುಣನು ಬಂಧನದಲ್ಲಿ ಮಡಿದ ಬಳಿಕ, 2003ರಲ್ಲಿ ರದ್ದಾಯಿತು. 2006ರಲ್ಲಿ ಬೇಸಾಯದ ತೆರಿಗೆ ಹೋಯಿತು. ಒಕ್ಕಲುತನದ ಹೆಸರಿನಲ್ಲಿ ಜನರನ್ನು ಎರಡು ಮಾಡುವ ಭೇದವನ್ನು ಅಳಿಸುವುದಾಗಿ ಸರಕಾರ 2014ರಲ್ಲಿ ಸಾರಿತು. ಸಣ್ಣ ಪಟ್ಟಣಗಳು ಬಾಗಿಲು ತೆರೆದರೂ ಬೀಜಿಂಗ್, ಷಾಂಘೈಗಳು ಬಿಗಿಯಾಗಿಯೇ ಇವೆ. ಈ ನಡುವೆ 2022ರಿಂದ ದೇಶದ ಜನಸಂಖ್ಯೆಯೇ ಇಳಿಯತೊಡಗಿದೆ. ಒಂದು ಕಾಲಕ್ಕೆ ಕಾರ್ಖಾನೆಗಳ ತವರಾಗಿದ್ದ ಈಶಾನ್ಯದ ಮೂರು ಪ್ರಾಂತಗಳು 2010ರಿಂದ 2020ರೊಳಗೆ ಸುಮಾರು 1 ಕೋಟಿ ಜನರನ್ನು ಕಳೆದುಕೊಂಡವು.

ಇದರಿಂದ ನಾವು ಗ್ರಹಿಸಬೇಕಾದುದೇನು? ಉಡುಪಿ, ಮಂಗಳೂರು ಕಡೆಯಿಂದ ಬಂದ ನಮ್ಮ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿ ಮೇಲೆ ಬಂದುದನ್ನು ಈ ನಗರ ಬಲ್ಲದು. ಆ ಶಾಲೆಗಳನ್ನು ಕಟ್ಟಿದವರು ನಮ್ಮಂತೆಯೇ ಊರು ಬಿಟ್ಟು ಬಂದವರು. ಬೀಜಿಂಗಿನಲ್ಲಿಯೂ ವಲಸೆಗಾರರು ತಮ್ಮ ಮಕ್ಕಳಿಗಾಗಿ ತಾವೇ ಶಾಲೆ ತೆರೆದರು. 2011ರಲ್ಲಿ ಅಂತಹ ಇಪ್ಪತ್ತಕ್ಕೂ ಮಿಕ್ಕ ಶಾಲೆಗಳನ್ನು ಮುಚ್ಚಿಸಲು ಅಧಿಕಾರಿಗಳು ಮುಂದಾದರು. ದುಡಿಯುವ ಆಸೆ ಎರಡೂ ಕಡೆ ಒಂದೇ, ಮಕ್ಕಳ ಮೇಲಿನ ಮಮತೆ ಒಂದೇ, ಬೇರೆಯಾದುದು ಬಾಗಿಲು.

ದೇಶದಲ್ಲಿ ಎಲ್ಲಿಯಾದರೂ ನೆಲೆಸುವ ಹಕ್ಕನ್ನು ನಮ್ಮ ಸಂವಿಧಾನ ಕೊಟ್ಟಿದೆ. ಆದರೂ ಊರು ಬಿಟ್ಟವನಿಗೆ ಪಡಿತರ ಚೀಟಿ ಎಲ್ಲೆಡೆಯೂ ನಡೆಯುವಂತಾಗಲು 2019ರಿಂದೀಚೆಗಿನ ಯೋಜನೆಯೇ ಬರಬೇಕಾಯಿತು. ಹಕ್ಕು ಗ್ರಂಥದಲ್ಲಿದ್ದರೆ ಸಾಲದು, ಮಹಲ್ಲೆಯಲ್ಲಿಯೂ ಇರಬೇಕು. ಇಂದು ನಮ್ಮ ಹೋಟೆಲುಗಳಲ್ಲಿ ತಟ್ಟೆ ತೊಳೆಯುವ ಹುಡುಗ ಬೇರೆ ನಾಡಿನವನಿರಬಹುದು, ಬೇರೆ ನುಡಿಯವನಿರಬಹುದು. ಅವನಿಗೂ ಒಂದು ರಾತ್ರಿಶಾಲೆ ಬೇಕು. ನಮ್ಮ ಸಂಘದ ಕೊಠಡಿ ವಾರದಲ್ಲಿ ಎಷ್ಟು ಸಂಜೆ ಬೀಗ ಹಾಕಿಕೊಂಡಿರುತ್ತದೆ ಎಂಬುದನ್ನು ಕಾರ್ಯಕಾರಿ ಸಮಿತಿಯವರು ಲೆಕ್ಕ ಹಾಕಬೇಕೆಂದು ವಿನಂತಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.