ಮೂರು ಕಾಸಿಗೆ ಹರಾಜು

ಇವತ್ತು ಒಂದೇ ಒಂದು ನುಡಿಗಟ್ಟಿನ ಬಗ್ಗೆ ಮಾತಾಡ್ತೀನಿ: ‘ಮರ್ಯಾದೆ ಮೂರು ಕಾಸಿಗೆ ಹರಾಜಾಯ್ತು’. ಮದುವೇಲಿ ಅಡುಗೆ ಸಾಲದೆ ಬೀಗರು ಖಾಲಿ ಎಲೆ ಮುಂದೆ ಕೂತಿದ್ರೆ ಇದನ್ನ ಹೇಳ್ತೀವಿ. ಇಲ್ಲಿ ಪುಣೆಯ ಆಫೀಸಲ್ಲಿ, ಕ್ಲೈಂಟ್ ಮುಂದೆ ಡೆಮೊ ಕೈಕೊಟ್ಟಾಗ ಹುಬ್ಬಳ್ಳಿ ಕಡೆಯ ನನ್ನ ಸಹೋದ್ಯೋಗಿ ಮೈಕ್ ಮ್ಯೂಟ್ ಮಾಡಿ ಹೇಳೋದೂ ಇದನ್ನೇ.

‘ಮರ್ಯಾದೆ’ ಸಂಸ್ಕೃತದ ಪದ, ಅದಕ್ಕೆ ಎಲ್ಲೆ, ಗಡಿ ಅನ್ನೋ ಅರ್ಥವೂ ಇದೆ. ‘ಹರಾಜು’ ಅರಬ್ಬಿ ಮೂಲದ್ದು. ಇನ್ನು ಕಾಸು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ 5, 10, 20 ಕಾಸಿನ ತಾಮ್ರದ ನಾಣ್ಯಗಳಿದ್ದವು. ಆ ಲೆಕ್ಕದಲ್ಲಿ ಮೂರು ಕಾಸು ಅಂದ್ರೆ ಎಷ್ಟು ಅಂತ ನೀವೇ ಯೋಚಿಸಿ. ಹರಾಜಲ್ಲಿ ಬೆಲೆ ಕೂಗಿದಷ್ಟೂ ಏರಬೇಕು. ಇಲ್ಲಿ ಇಡೀ ಊರು ಸೇರಿ ಕೂಗಿದ್ರೂ ಮೂರರ ಮೇಲೆ ಹೋಗಲಿಲ್ಲ!

ಹರಾಜಿಗೆ ಜನ ಸೇರಲೇಬೇಕು. ಅಪ್ಪ ಮನೆಯೊಳಗೆ ಬೈದ್ರೆ ಅದು ಬೈಗುಳ ಅಷ್ಟೇ, ನೆಂಟರ ಮುಂದೆ ಬೈದ್ರೆ ಹರಾಜು. ಚೆನ್ನೈನಲ್ಲಿರೋರು ಕೇಳಿರ್ತೀರಿ, ತಮಿಳಲ್ಲಿ ಮಾನ ಹಡಗು ಹತ್ತುತ್ತೆ. ಮರಾಠಿಯಲ್ಲಿ ಅಬ್ರುವಿನ ಚಿಂದಿಗಳನ್ನ ಊರಬಾಗಿಲಿಗೆ ನೇತುಹಾಕ್ತಾರೆ. ಅಲ್ಲೂ ಅಷ್ಟೇ, ನಾಲ್ಕು ಜನರ ಕಣ್ಣಿಗೆ ಬೀಳೋದೇ ಮುಖ್ಯ.

ನನಗೆ ಕಿರಿಕಿರಿ ಆಗೋದು ಇದರ ಕ್ರಿಯಾಪದದಲ್ಲಿ. ‘ಹರಾಜಾಯ್ತು’ ಅಂದ್ರೆ ತಾನಾಗೇ ಆಯ್ತು, ಮಾಡಿದೋರು ಯಾರೂ ಇಲ್ಲ. ‘ಹರಾಜು ಹಾಕಿದ’ ಅಂದ್ರೆ ಒಬ್ಬ ಕರ್ತೃ ಬೇಕು. ಗಂಡ ಕುಡಿದು ಬಂದು ಹೊಡೀತಾನೆ ಅಂತಿಟ್ಕೊಳ್ಳಿ. ವರ್ಷಗಟ್ಟಲೆ ಗೋಡೆಯ ಆ ಕಡೆಯವರಿಗೂ ಅದು ಕೇಳಿಸ್ತಿರುತ್ತೆ. ಆಗ ಯಾರೂ ಹರಾಜಿನ ಮಾತೆತ್ತಲ್ಲ. ಅವಳು ಒಂದು ದಿನ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಲಿ, ‘ಮನೆ ಮರ್ಯಾದೆ ಹರಾಜು ಹಾಕಿಬಿಟ್ಟಳು’ ಅಂತಾರೆ! ಹೊಡೆದವನು ಆ ವಾಕ್ಯದಲ್ಲೇ ಇಲ್ಲ. ಇಂಥ ಮಾತು ಹೇಳೋರಲ್ಲಿ ಕೆಟ್ಟೋರಷ್ಟೇ ಅಲ್ಲ, ಅವಳ ತಾಯಿಯೂ ಇರ್ತಾರೆ, ‘ಬೇಡ ಕಣೇ, ಜನ ಏನಂತಾರೆ’ ಅಂತ ಕಣ್ಣೊರೆಸಿಕೊಂಡು.

ಕೋರ್ಟ್ ಭಾಷೆಯಲ್ಲಿ ಇದರ ಅಣ್ಣ ಒಬ್ಬನಿದ್ದಾನೆ: ಮಾನನಷ್ಟ ಮೊಕದ್ದಮೆ. ಪತ್ರಕರ್ತೆ ಪ್ರಿಯಾ ರಮಣಿ ಅವರು ಲೈಂಗಿಕ ಕಿರುಕುಳದ ಆರೋಪ ಮಾಡಿದಾಗ, ಆಗ ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ರಮಣಿಯವರ ಮೇಲೆ ಅದನ್ನೇ ಹೂಡಿದ್ರು. 2021ರ ಫೆಬ್ರವರಿಯಲ್ಲಿ ದೆಹಲಿಯ ನ್ಯಾಯಾಲಯ ರಮಣಿಯವರನ್ನ ಖುಲಾಸೆ ಮಾಡ್ತು. ಹೆಣ್ಣಿನ ಬದುಕು, ಘನತೆಯನ್ನ ಬಲಿಕೊಟ್ಟು ಒಬ್ಬರ ಹೆಸರು ಕಾಪಾಡೋಕಾಗಲ್ಲ ಅನ್ನೋದು ತೀರ್ಪಿನ ತಾತ್ಪರ್ಯ.

ಡೆಮೊ ಕೆಟ್ಟಾಗ, ಮದುವೇಲಿ ಸಾರು ಮುಗಿದಾಗ ಈ ನುಡಿಗಟ್ಟನ್ನ ಧಾರಾಳವಾಗಿ ಬಳಸಿ, ಸೊಗಸಾಗಿದೆ. ದೂರು ಕೊಡೋಕೆ ಹೊರಟವರ ಬಗ್ಗೆ ಯಾರಾದ್ರೂ ಇದನ್ನ ಹೇಳಿದ್ರೆ ಮಾತ್ರ, ‘ಹರಾಜು ಹಾಕಿದ್ದು ಯಾರು?’ ಅಂತ ಅಲ್ಲೇ ಕೇಳಿ.