ತೆಂಗಿನ ಗರಿ, ಹಕ್ಕಿಯ ಗರಿ

(ಬೋಡಿನಾಯಕನೂರಿನಲ್ಲಿ ಕನ್ನಡ ಮಾಧ್ಯಮ ಶಿಕ್ಷಕರೊಡನೆ ಆಡಿದ ಮಾತು)



ಕನ್ನಡದಲ್ಲಿ ತೆಂಗಿನ ಎಲೆಯೂ ಗರಿ, ಹಕ್ಕಿಯ ಮೈಮೇಲಿರುವುದೂ ಗರಿ. ಈ ಊರಿನ ಸುತ್ತ ತೆಂಗಿನ ಗರಿಯನ್ನು ಕಾಣದ ಮಗುವಿಲ್ಲ. ಆದ್ದರಿಂದ ಗರಿಯ ಪಾಠವನ್ನು ಅಲ್ಲಿಂದಲೇ ತೊಡಗುವುದು ನನ್ನ ರೂಢಿಯಾಗಿತ್ತು: ನಡುವೆ ಒಂದು ದಿಂಡು, ಇಕ್ಕೆಲಗಳಲ್ಲಿ ಎಳೆಗಳು. ಕಪ್ಪುಹಲಗೆಯ ಮೇಲೆ ಹಾಗೆಯೇ ಚಿತ್ರವನ್ನೂ ಬರೆಯುತ್ತಿದ್ದೆ.

ಒಮ್ಮೆ 5ನೆಯ ತರಗತಿಯ ಹುಡುಗಿಯೊಬ್ಬಳು ಮನೆಯ ಕೋಳಿಯ ಗರಿಯನ್ನು ತಂದು ಕೇಳಿದಳು: "ಸಾರ್, ತೆಂಗಿನ ಗರಿಯ ಸಂದಿನಲ್ಲಿ ಗಾಳಿ ಹೋಗುತ್ತೆ, ಇದರಲ್ಲಿ ಯಾಕೆ ಹೋಗಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟು ವರ್ಷ ಪಾಠ ಹೇಳಿಯೂ ನಾನು ಒಂದು ಗರಿಯನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಪ್ರತಿಯೊಂದು ಎಳೆಯಿಂದಲೂ ಮತ್ತೆ ಇಕ್ಕೆಲಕ್ಕೆ ಕಿರಿಯೆಳೆಗಳು ಹೊರಡುತ್ತವೆ. ಗರಿಯ ತುದಿಯತ್ತ ಇರುವ ಕಿರಿಯೆಳೆಗಳಲ್ಲಿ ಬರಿಗಣ್ಣಿಗೆ ಕಾಣದ ಕೊಕ್ಕೆಗಳಿವೆ. ಅವು ಮುಂದಿನ ಎಳೆಯ ಕಿರಿಯೆಳೆಗಳನ್ನು ಶಾಲಾಚೀಲದ ಜಿಪ್ಪಿನಂತೆ ಹಿಡಿದುಕೊಳ್ಳುತ್ತವೆ. ತೆಂಗಿನ ಗರಿಗೆ ಈ ಹಿಡಿತವಿಲ್ಲ. ನನ್ನ ಹೋಲಿಕೆ ಮುರಿದದ್ದು ಅಲ್ಲಿಯೇ. ಹಕ್ಕಿಯ ಗರಿ ಸೀಳಿದರೆ ಬುಡದಿಂದ ತುದಿಯತ್ತ ಸವರಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಹಕ್ಕಿಯು ದಿನವೂ ಕೊಕ್ಕಿನಿಂದ ಮಾಡುವುದು ಇದನ್ನೇ. ಅದೇ ಗರಿಯ ಬುಡದ ತುಪ್ಪುಳದಲ್ಲಿ ಮಾತ್ರ ಕೊಕ್ಕೆಗಳಿಲ್ಲ. ಅದು ಗಾಳಿಯನ್ನು ತನ್ನೊಳಗೆ ತಡೆದಿಟ್ಟು ಮೈಯ ಬಿಸುಪನ್ನು ಕಾಯುತ್ತದೆ.

ಗಾಳಿಯ ಸಂದಿನ ಮಾತು ಬಂದುದರಿಂದ ಹೇಳುತ್ತೇನೆ. ಮೇಘಮಲೆಯ ಕಾಡಿನ ದೊಡ್ಡ ಮಂಗಟ್ಟೆ ಹಕ್ಕಿ ಹಾರಿದರೆ ಅದರ ರೆಕ್ಕೆಯ ಸದ್ದು ಬಲು ದೂರ ಕೇಳಿಸುತ್ತದೆ. ರೆಕ್ಕೆಯ ಅಡಿಯಲ್ಲಿ ಹಾರುಗರಿಗಳ ಬುಡವನ್ನು ಮುಚ್ಚುವ ಕಿರುಗರಿಗಳು ಅದಕ್ಕಿಲ್ಲ. ಆ ಸಂದುಗಳಲ್ಲಿ ಗಾಳಿ ನುಗ್ಗುತ್ತದೆ. ಗೂಬೆಯದು ಇದಕ್ಕೆ ವಿರುದ್ಧ. ಅದರ ರೆಕ್ಕೆಯ ಮುಂಚೂಣಿಯ ಗರಿಯಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿದ್ದು, ಹಾರಿದ್ದೇ ಕೇಳಿಸದು.

ಇನ್ನು ಪದಗಳ ವಿಷಯ. ನಮ್ಮ ಮಕ್ಕಳು ಬೀದಿಯ ತಮಿಳಿನಲ್ಲಿ 'ಇರಗು' ಎಂದರೆ ಗದರಬೇಡಿರಿ. ತಮಿಳಿನ ಇರಗು, ಇರಕ್ಕೈ, ಹಳಗನ್ನಡದ ಎಱಕೆ, ಇಂದಿನ ರೆಕ್ಕೆ ಎಲ್ಲವೂ ಒಂದೇ ಬೇರಿನವು. ಹಲಗೆಯ ಮೇಲೆ ಮಗುವಿನ ಪದವನ್ನೂ ಬರೆದು, ಅದರ ಪಕ್ಕದಲ್ಲಿ ರೆಕ್ಕೆ, ಗರಿ, ಪುಕ್ಕ, ತುಪ್ಪುಳ ಎಂದು ಬರೆಯಿರಿ. ಒಂದೊಂದಕ್ಕೂ ಬೇರೆ ಬೇರೆ ಅರ್ಥವಿದೆಯೆಂಬುದನ್ನು ಗರಿಯನ್ನು ತೋರಿಸಿಯೇ ತಿಳಿಸಬಹುದು.

ಸೋಪಿನಲ್ಲಿ ತೊಳೆದು ಒಣಗಿಸಿದ ಕೋಳಿಗರಿಗಳೂ ಎರಡು ಮಸೂರಗಳೂ ಮೇಜಿನ ಮೇಲಿವೆ. ಒಬ್ಬೊಬ್ಬರೂ ಒಂದೊಂದು ಗರಿಯನ್ನು ತೆಗೆದುಕೊಳ್ಳಿರಿ. ಮೊದಲು ಸೀಳಿರಿ, ಆಮೇಲೆ ಸವರಿರಿ.